ಹಿಮ್ಮಡಿಯ ಸುಣ್ಣ

ಗುತ್ತಲು, ಮಂಡ್ಯ
೮ ಫೆಬ್ರವರಿ ೧೯೭೬, ಭಾನುವಾರ

ಗೆಳೆಯ ಶ್ಯಾಮಣ್ಣನಿಗೆ,

ಸಂಜೆ ಆರೂವರೆ. ಬೆಳಿಗ್ಗೆ ನಾಲೆಯ ತೂಬು ಇಳಿಸಿ ಬಂದೆ. ಹತ್ತಕ್ಕೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆದೆ. ಮೂರಕ್ಕೆ ನಮ್ಮ ಹುಡುಗರಿಗೂ ಮಳವಳ್ಳಿಯವರಿಗೂ ಹಾಕಿ ಪಂದ್ಯ. ಮುಗಿಯುವವರೆಗೂ ನೀನು ನಿಲ್ಲುತ್ತಿದ್ದ ಜಾಗದಲ್ಲಿ, ಗೋಲಿನ ಹಿಂದೆ ನಿಂತಿದ್ದೆ. ಈಗ ಡೈರಿ ತೆಗೆದಿದ್ದೇನೆ. ನೀನು ಹೋಗಿ ಮೂರು ತಿಂಗಳಾಯಿತು. ಅಂದಿನಿಂದ ಇದರಲ್ಲಿ ಯಾವ ಊರಿಗೆ ಯಾವತ್ತು ನೀರು ಅನ್ನುವುದು ಬಿಟ್ಟು ಬೇರೇನನ್ನೂ ಬರೆದಿರಲಿಲ್ಲ.

ಬೆಂಗಳೂರಿನ ಒಂದು ಕಾರ್ಖಾನೆಯವರು ತಮ್ಮ ಹಾಕಿ ತಂಡಕ್ಕೆ ಹುಡುಗರನ್ನು ಆರಿಸಲು ಬಂದಿದ್ದಾರೆ. ಆರಿಸಿದವರಿಗೆ ಅಲ್ಲೇ ಕೆಲಸ. ಬಂದಿರುವ ಅಧಿಕಾರಿ ಮದ್ದೂರಿನಲ್ಲಿ ಬೀಗರ ಮನೆಯಲ್ಲಿ ಇಳಿದಿದ್ದಾರೆ. ಮೊನ್ನೆ ಅವರು, "ಗೋಲು ಹೊಡೆಯುವವರನ್ನು ನಾನೇ ನೋಡಿ ಆರಿಸಿಕೊಂಡೆ, ಹಿಂದೆ ನಿಂತು ತಡೆಯುವ ಬ್ಯಾಕ್ ಆಟಗಾರನನ್ನು ಒಂದು ಪಂದ್ಯದಲ್ಲಿ ತಿಳಿಯಲಾಗುವುದಿಲ್ಲ, ನೀವು ವರ್ಷಗಟ್ಟಲೆ ನೋಡಿದವರು, ಒಂದು ಹೆಸರು ಬರೆದು ಕೊಡಿ" ಅಂದರು. ಒಂದೇ ಹೆಸರು. ಇರುವವರು ಇಬ್ಬರು: ಯಲಿಯೂರಿನ ಕೂಲಿ ಅಂಕಯ್ಯನ ಮಗ ಸಿದ್ದರಾಮು, ಮತ್ತೆ ನಿನ್ನ ಮಗ ಚಲುವನಾರಾಯಣ.

ನಿನ್ನೆ ಪಂಕಜಮ್ಮನವರು ನಿಮ್ಮ ಮನೆಗೆ ಕರೆಸಿ ಕಾಫಿ ಕೊಟ್ಟರು. ಹೊಲಿಗೆ ಯಂತ್ರದ ಮೇಲೆ ಯಾರದೋ ಮದುವೆಯ ರವಿಕೆ ಅರ್ಧ ಹೊಲಿದಿತ್ತು. ಚಲುವನ ವಿಷಯ ಅವರಾಗಿ ಎತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ನೀವಿದೀರಲ್ಲ ಮರಿಸಿದ್ದಯ್ಯ, ಅದೇ ನಂಗೆ ಧೈರ್ಯ" ಅಂದರು.

ಪಂದ್ಯ ಮುಗಿದ ಮೇಲೆ ನಿನ್ನ ಪದ್ಧತಿಯಂತೆಯೇ ಮಾಡಿದೆ. ನೀರು ಕುಡಿಯುವ ಮೊದಲು ಇಬ್ಬರನ್ನೂ ಕರೆದು ಕಾಲು ಎತ್ತಿಸಿದೆ. ಗೋಲಿನ ಮುಂದೆ ಬಿಲ್ಲಿನಂತೆ ಎಳೆದ ಗೆರೆಯ ಸುಣ್ಣ ಹಿಮ್ಮಡಿಗೆ ಹತ್ತಿದ್ದರೆ, ಅವನು ಎದುರಾಳಿಯನ್ನು ಕಂಡು ಹಿಂದೆ ಹಿಂದೆಯೇ ಸರಿದಿದ್ದಾನೆ ಎಂದು ಲೆಕ್ಕ. ಇಪ್ಪತ್ತು ವರ್ಷ ಎಷ್ಟು ಹುಡುಗರ ಕಾಲು ಎತ್ತಿಸಿ, "ಅಂಜುಬುರುಕ, ನಡಿ ಮನೆಗೆ" ಅಂದಿದ್ದೀಯೋ.

ಚಲುವ ನಿನ್ನ ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡಿದ್ದ. ಹಿಮ್ಮಡಿಯಲ್ಲಿ ಮಣ್ಣು ಬಿಟ್ಟರೆ ಏನೂ ಇಲ್ಲ. "ನೋಡಿ ಮಾಮ, ಒಂದು ಚುಕ್ಕೆನೂ ಇಲ್ಲ. ಅಪ್ಪ ಇದ್ದಿದ್ರೆ ಏನಂತಿದ್ರು?" ಅಂದ. ಸಿದ್ದರಾಮು ಬರಿಗಾಲಿನ ಹುಡುಗ. ಅವನ ಹಿಮ್ಮಡಿ ಬಿರುಕಿನೊಳಗೆಲ್ಲ ಬೆಳ್ಳಗಾಗಿತ್ತು. ಮಳವಳ್ಳಿಯವನೊಬ್ಬ ಬೇಲಿಯಾಚೆಯಿಂದ, "ಲೇ, ಆಟಕ್ ಬಂದಿದ್ಯೋ ಗ್ವಾಡೆಗೆ ಸುಣ್ಣ ಬಳ್ಯಕ್ ಬಂದಿದ್ಯೋ?" ಎಂದು ನಗಿಸಿದ. ಹುಡುಗ ಕಾಲು ಹಿಂದಕ್ಕೆ ಎಳೆದುಕೊಂಡ.

ನಿನ್ನ ಲೆಕ್ಕದಲ್ಲಿ ತೀರ್ಮಾನ ಅಲ್ಲಿಗೆ ಆಗಿಹೋಯಿತು. ಆದರೆ ನಾನು ಆಟವನ್ನೂ ನೋಡಿದ್ದೆ. ಚಲುವ ಮೂರು ಸಲ ಚೆಂಡಿಗೆ ಮುಂದೆ ನುಗ್ಗಿ, ಮೂರು ಸಲವೂ ಅದನ್ನು ಬಿಟ್ಟುಕೊಟ್ಟ. ಮೂರು ಸಲವೂ ಅವನು ಬಿಟ್ಟುಹೋದ ಜಾಗಕ್ಕೆ ಓಡಿ ಬಂದು, ಗೆರೆಯ ಮೇಲೆ ಕಾಲೂರಿ ಚೆಂಡು ತಡೆದವನು ಸಿದ್ದರಾಮು. ಯಾಕಪ್ಪ ಅಷ್ಟು ಹಿಂದೆ ಬಂದೆ ಎಂದು ಬೇಕೆಂದೇ ಕೇಳಿದೆ. ತಲೆ ಎತ್ತದೆ, "ಅವ್ನು ಮುಂದುಕ್ ಓದ್ನಲ್ಲ ಸಾ. ಇಂದೆ ಒಬ್ರಾರ ಇರ್ಬೇಕಲ್ವಾ" ಅಂದ.

ಆ ಮಾತು ಕೇಳಿದಾಗಿನಿಂದ ನನ್ನ ಮನಸ್ಸು ಸರಿಯಿಲ್ಲ, ಶ್ಯಾಮಣ್ಣ. ಇದೇ ಮಾತನ್ನು ನಾನು ಇಪ್ಪತ್ತು ವರ್ಷದ ಹಿಂದೆ ಹೇಳಬೇಕಿತ್ತು.

ಮೈಸೂರಿನಲ್ಲಿ ರಾಜ್ಯ ತಂಡದ ಆಯ್ಕೆಗೆ ನಾವಿಬ್ಬರೂ ಒಂದೇ ರೈಲಿನಲ್ಲಿ ಹೋದೆವಲ್ಲ. ನಾನು ಬಲಗಡೆಯ ಬ್ಯಾಕ್, ನೀನು ಎಡಗಡೆಯ ಬ್ಯಾಕ್. ಆಟ ಮುಗಿದಾಗ ಆ ಕನ್ನಡಕದ ಮುದುಕರು ಬೆತ್ತದ ತುದಿಯಿಂದ ನಮ್ಮ ಕಾಲು ಎತ್ತಿಸಿದರು. ನನ್ನದು ಶುಭ್ರ. ನಿನ್ನದು ಬೆಳ್ಳಗೆ. ಇವನು ಹೆದರುತ್ತಾನೆ ಎಂದು ಎಲ್ಲರ ಎದುರು ಹೇಳಿ ನಿನ್ನ ಹೆಸರು ಹೊಡೆದುಹಾಕಿದರು. ನಾನು ಎರಡು ವರ್ಷ ರಾಜ್ಯಕ್ಕೆ ಆಡಿದೆ. ಅವತ್ತು ವಾಪಸು ಬರುವಾಗ ರೈಲು ಯಲಿಯೂರು ದಾಟಿತು. ಆಮೇಲೆ ನೀನು, "ಲೋ ಮರಿಸಿದ್ದ, ನಂಗೇ ಗೊತ್ತಿರ್ಲಿಲ್ಲ ಕಣೋ, ನಾನು ಹೆದ್ರುಕುಳ ಅಂತ" ಅಂದೆ.

ನೀನು ಹೆದರಿರಲಿಲ್ಲ. ನಾನು ಮೆಚ್ಚಿಸಲು ಮುಂದೆ ಮುಂದೆ ನುಗ್ಗುತ್ತಿದ್ದೆ. ನನ್ನ ಹಿಂದಿನ ಜಾಗ ಕಾಯಲು ನೀನು ಗೆರೆಗೆ ಬರುತ್ತಿದ್ದೆ. ಬೆತ್ತ ನಿನ್ನ ಕಾಲಿನ ಹತ್ತಿರ ಇದ್ದಾಗಲೇ ನನಗೆ ಅದು ಗೊತ್ತಿತ್ತು. ಹೇಳಿದ್ದರೆ ನನ್ನ ಹೆಸರು ಹೋಗುತ್ತಿತ್ತು. ರೈಲಿನಲ್ಲಾದರೂ ಹೇಳಬಹುದಿತ್ತು. ಆಮೇಲೆ ನೀನು ಆ ಮುದುಕರ ಅಳತೆಯನ್ನೇ ನಿನ್ನದಾಗಿ ಮಾಡಿಕೊಂಡು ಊರ ಹುಡುಗರ ಕಾಲು ಎತ್ತಿಸಲು ಶುರು ಮಾಡಿದೆ. ಪ್ರತಿ ಸಲವೂ ನಾನು ಪಕ್ಕದಲ್ಲೇ ಇದ್ದೆ. ಆಸ್ಪತ್ರೆಯಲ್ಲಿ ಕೊನೆಯ ವಾರವೂ ಪಕ್ಕದಲ್ಲೇ ಇದ್ದೆ. ಕಿತ್ತಳೆ ಸುಲಿದು ಕೊಟ್ಟೆ. ಆ ಮಾತು ಮಾತ್ರ ಆಡಲಿಲ್ಲ.

ಚಲುವ ಮುಂದೆ ನುಗ್ಗುವುದು ಅವನ ತಪ್ಪಲ್ಲ. ಹಿಮ್ಮಡಿಗೆ ಸುಣ್ಣ ಹತ್ತಿಸಿಕೊಂಡು ಮನೆಗೆ ಬರಬೇಡ ಎಂದು ಅವನನ್ನು ಬೆಳೆಸಿದವನು ನೀನು. ನಿನ್ನನ್ನು ಹಾಗೆ ಮಾಡಿದವನು ನಾನು. ಈಗ ನಿನ್ನ ಮಗನ ಹೆಸರು ಬರೆದು ನನ್ನ ಋಣ ತೀರಿತು ಎಂದುಕೊಳ್ಳಬಹುದಿತ್ತು. ನಾಲ್ಕೂವರೆಯಿಂದ ಅದೇ ಯೋಚನೆ. ಒಂದು ಸಲ ಅವನ ಹೆಸರನ್ನು ಬರೆದೂ ಬರೆದೆ. ಬರೆದ ಮೇಲೆ ನೋಡಿದರೆ, ಅದು ಆ ಮುದುಕರು ಬರೆದ ಚೀಟಿಯೇ ಆಗಿತ್ತು. ಸುಣ್ಣ ಹತ್ತಿದವನನ್ನು ಮತ್ತೊಮ್ಮೆ ಮನೆಗೆ ಕಳಿಸಿದ ಹಾಗೆ, ಅದೂ ಎಲ್ಲ ತಿಳಿದ ನಾನೇ.

ಹರಿದೆ. ಸಿದ್ದರಾಮು, ತಂದೆ ಅಂಕಯ್ಯ, ಯಲಿಯೂರು ಎಂದು ಬರೆದು ಮಡಚಿಟ್ಟಿದ್ದೇನೆ.

ಪಂಕಜಮ್ಮನವರ ಮುಖ ಹೇಗೆ ನೋಡಲಿ, ತಿಳಿಯದು. ಆ ಬಾಗಿಲಲ್ಲಿ ನನಗೆ ಇನ್ನು ಕಾಫಿ ಸಿಗಲಿಕ್ಕಿಲ್ಲ. ಚಲುವನನ್ನು ಕೂರಿಸಿಕೊಂಡು ಮೈಸೂರಿನ ಆ ಮಧ್ಯಾಹ್ನವನ್ನು ಬಿಡದೆ ಹೇಳುತ್ತೇನೆ. ಅವನ ಅಪ್ಪ ಅಂಜುಬುರುಕ ಆಗಿರಲಿಲ್ಲ ಎಂಬುದು ಅವನಿಗೆ ಗೊತ್ತಾಗಬೇಕು. ಅದರಿಂದ ಅವನಿಗೆ ಕೆಲಸ ಸಿಗುವುದಿಲ್ಲ. ಅವನು ನನ್ನನ್ನು ಇನ್ನು ಮಾಮ ಎನ್ನದಿದ್ದರೂ ಸರಿಯೇ.

ನೀನಿರುವ ಕಡೆ ನಿನ್ನ ಜೀವಕ್ಕೆ ನೆಮ್ಮದಿಯಿರಲಿ. ನಿನ್ನ ಮಗನಿಗೆ ಬೇರೆ ಒಳ್ಳೆಯ ದಾರಿ ಸಿಗಲಿ, ಹುಡುಕಲು ನಾನೂ ಓಡಾಡುತ್ತೇನೆ, ಅವನು ಒಪ್ಪಿದರೆ.

ನಿನ್ನ ಬಲಗಡೆ ಆಡುತ್ತಿದ್ದ,
ಮರಿಸಿದ್ದಯ್ಯ

ನಾಳೆ ಆರಕ್ಕೆ ನಿಮ್ಮ ಮನೆಗೆ ಹೋಗುತ್ತೇನೆ. ಮದ್ದೂರಿನ ಬಸ್ಸು ಏಳಕ್ಕೆ.