ಕಾಶವ್ವನ ಅರವತ್ತೈದು

॥ ಶ್ರೀ ಖಂಡೋಬಾ ಪ್ರಸನ್ನ ॥

ಖಡಕಿ, ಪುಣೆ
ಗುರುವಾರ, ೨೪ ನವೆಂಬರ್ ೨೦೦೫

ಪ್ರೀತಿಯ ಕಾಶವ್ವಗೆ, ಈರಬಸಪ್ಪನ ಅನೇಕ ಆಶೀರ್ವಾದಗಳು.

ನಿನ್ನ ಮೊಣಕಾಲು ಹೇಗಿವೆ? ಅದನ್ನು ಮೊದಲು ಕೇಳುತ್ತೇನೆ, ಉಳಿದವರ ಕ್ಷೇಮ ಆಮೇಲೆ. ಹುಬ್ಬಳ್ಳಿಯಲ್ಲೂ ಥಂಡಿ ಬಿದ್ದಿರಬೇಕು. ಕೂಸಿಗೆ ಎರೆಯುವಾಗ ಅಷ್ಟು ಹೊತ್ತು ಕಾಲು ಚಾಚಿ ಕೂತು ಆಮೇಲೆ ಹೇಗೆ ಏಳುತ್ತೀಯೋ, ನೆನೆಸಿಕೊಂಡರೆ ನನಗೇ ಇಲ್ಲಿ ಕಾಲು ನೋಯುತ್ತದೆ. ಎಣ್ಣೆ ಹಚ್ಚಿಸಿಕೊಳ್ಳಲು ನಾಚಬೇಡ, ಮಗಳ ಮನೆ ಅದು. ಶೈಲಶ್ರೀಗೆ ಹೊಟ್ಟೆ ತುಂಬ ಉಣ್ಣಲು ಹೇಳು. ಕೂಸು ಕಣ್ಣು ನಿಲ್ಲಿಸಿ ನೋಡುತ್ತದೆಯೋ ಇನ್ನೂ ಇಲ್ಲವೋ ಬರೆ. ನಾನು ಆರಾಮ. ಡಬ್ಬಿಯ ಊಟ ನಡೆದಿದೆ, ಪಲ್ಯಕ್ಕೆ ದಿನವೂ ಸಕ್ಕರೆ ಹಾಕುತ್ತಾರೆ, ಹೇಳಿ ಹೇಳಿ ಬೇಸತ್ತು ಬಿಟ್ಟಿದ್ದೇನೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನಿನ್ನ ಅಳಿಯಂದಿರ ಮನೆಯ ಫೋನು ಪಡಸಾಲೆಯ ನಡುವೆ, ಬೀಗತಿಯವರ ಕುರ್ಚಿ ಅದರ ಪಕ್ಕಕ್ಕೆ. ಅಲ್ಲಿ ನಿನಗೆ ಹೌದು, ಇಲ್ಲ, ಆತು ಅನ್ನುವುದು ಬಿಟ್ಟರೆ ಬೇರೆ ಮಾತಾಡಲು ಬರುವುದಿಲ್ಲ. ಈ ಮಾತು ಹಾಗೆ ಮುಗಿಯುವಂಥದ್ದಲ್ಲ. ಅದಕ್ಕೇ ಕಾಗದ. ಒಬ್ಬಳೇ ಇದ್ದಾಗ ಓದು.

ಹೊರಡುವ ದಿನ ರಿಕ್ಷಾದಲ್ಲಿ ಕೂತು ನೀನು ಹೇಳಿದ್ದು ನೆನಪಿದೆ: "ಆ ವಿಮಾದ ಕೆಲಸ ಒಂದು ಮುಗಿಸಿಬಿಡ್ರಿ. ನಾ ತಿರುಗಿ ಬರೂದ್ರಾಗ ಆಗಿರಬೇಕು ನೋಡ್ರಿ." ಒಂದೂವರೆ ತಿಂಗಳಾಯಿತು, ಇನ್ನೂ ಅದನ್ನೇ ಸುತ್ತುತ್ತಿದ್ದೇನೆ. ಫ್ಯಾಕ್ಟರಿಯಲ್ಲಿ ಮೂವತ್ತೇಳು ವರ್ಷ ದುಡಿದಾಗಲೂ ಇಷ್ಟು ದಣಿದಿರಲಿಲ್ಲ. ಎರಡೂ ಮೊಣಕಾಲು ಬದಲಿಸಬೇಕು, ಗುಳಿಗೆ ಮತ್ತು ಎಣ್ಣೆಯ ಮೇಲೆ ಎರಡು ವರ್ಷ, ಬಹಳವೆಂದರೆ ಮೂರು ವರ್ಷ ತಳ್ಳಬಹುದು, ಆಮೇಲೆ ಎದ್ದು ನಿಲ್ಲುವುದೂ ಕಷ್ಟ ಎಂದು ಮೇ ತಿಂಗಳಲ್ಲಿ ಡಾಕ್ಟರು ಹೇಳಿದ್ದು ನಮ್ಮಿಬ್ಬರಿಗೂ ಗೊತ್ತು. ಆಸ್ಪತ್ರೆ ಖರ್ಚಿಗೆ ನನ್ನ ಪಿಂಚಣಿಯ ಕಾರ್ಡ್ ಇದೆ ನಿಜ. ಆದರೆ ಕಾರ್ಡಿನವರು ಕೊಡುವುದು ಅವರು ಗೊತ್ತು ಮಾಡಿದ ದರ. ಆಸ್ಪತ್ರೆಯವರು ಹೇಳುವ ದರಕ್ಕೂ ಅದಕ್ಕೂ ನಡುವೆ ಇರುವ ಹಳ್ಳವನ್ನು ನಾವೇ ತುಂಬಬೇಕು. ಎರಡು ಕಾಲಿನ ಹಳ್ಳ ನಮ್ಮಿಂದ ತುಂಬುವಂಥದ್ದಲ್ಲ. ಕಾರ್ಡಿನ ಮೇಲೆ ಇನ್ನೊಂದು ಪಾಲಿಸಿ ಇದ್ದರೆ ಮಾತ್ರ ನಿನ್ನ ಕಾಲು ಆಗುತ್ತವೆ.

ಮಾರ್ತಾಂಡ ನಿನಗೆ ಗೊತ್ತಲ್ಲ, ಜೇಜುರಿಯವನು, ವಿಮೆ ಮಾಡಿಸುವವನು, ಬಂದಾಗಲೆಲ್ಲ ನಿನ್ನ ಕೈಯ ಚುರುಮರಿ ತಿಂದು ಹೋಗುವವನು. ಅವನು ಮೂರು ಕಂಪನಿಯ ಕಾಗದ ತಂದು ಟೇಬಲ್ಲಿನ ಮೇಲೆ ಹರಡಿದ. ಕನ್ನಡಕ ಒರೆಸಿಕೊಂಡು ಒರೆಸಿಕೊಂಡು ಓದಿದೆ. ಒಂದರದು ಕಂತು ಭಾಳ ಕಡಿಮೆ, ಖುಷಿಯಾಯಿತು, ಆದರೆ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮೊದಲೇ ಇದ್ದ ಬೇನೆಗೆ ಎಂದೆಂದೂ ಕೊಡುವುದಿಲ್ಲ ಎಂದಿತ್ತು. ಬೇನೆ ಇಲ್ಲದವರಿಗೆ ಪಾಲಿಸಿ ಯಾಕೆ ಬೇಕು, ಹೇಳು. ಇನ್ನೊಂದರವರು ನಾಲ್ಕು ವರ್ಷ ಕಂತು ಕಟ್ಟಿದ ಮೇಲೆ ಕೊಡುತ್ತಾರೆ. ಅಷ್ಟರಲ್ಲಿ ಡಾಕ್ಟರು ಹೇಳಿದ ಗಡುವು ದಾಟಿರುತ್ತದೆ. ಮೂರನೆಯದು ತುಟ್ಟಿ, ಕೋಣೆ ಬಾಡಿಗೆಗೆ ಮಿತಿ ಬೇರೆ ಹಾಕಿದ್ದಾರೆ. ಆದರೆ ಮೊಣಕಾಲಿಗೆ ಎರಡೇ ವರ್ಷ ಕಾದರೆ ಸಾಕು, ಕಾರ್ಡಿನವರು ಕೊಟ್ಟು ಉಳಿದದ್ದನ್ನು ಇವರು ಕೊಡುತ್ತಾರೆ. ಒಂದೇ ತೊಡಕು, ಅರವತ್ತೈದು ತುಂಬಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಅದನ್ನು ಓದಿ ನಾನು ನಕ್ಕೆ. ನಮ್ಮ ಕಾಶವ್ವಗೆ ಈಗ ಅರವತ್ತು, ಇನ್ನೂ ಐದು ವರ್ಷ ಇದೆಯಲ್ಲ ಎಂದೆ. ದೀಪಾವಳಿ ಮುಗಿಯಲಿ, ಆಮೇಲೆ ಕಟ್ಟೋಣ ಎಂದು ಕಾಗದ ಮಡಚಿ ಇಟ್ಟೆ.

ನಡುವೆ ನಮ್ಮ ಸಂಕಪ್ಪ ಸಿಕ್ಕ, ನನ್ನ ಜೊತೆ ಸ್ಟೋರಿನಲ್ಲಿದ್ದವನು. ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಿಲ್ಲು ಕಳಿಸಿದರೆ, ರೇಷನ್ ಕಾರ್ಡಿನಲ್ಲಿ ಒಂದು ವಯಸ್ಸು, ಪಾಲಿಸಿಯಲ್ಲಿ ಒಂದು ವಯಸ್ಸು ಇದೆ ಎಂದು ಅವನ ಕಂಪನಿಯವರು ಎಲ್ಲವನ್ನೂ ತಿರುಗಿ ಕಳಿಸಿದರಂತೆ. ಪಾಪ, ಭಾಳ ಇಳಿದುಹೋಗಿದ್ದಾನೆ. "ಬಾಯಿಲೆ ಹೇಳಿದ ವಯಸ್ಸು ನಂಬಬ್ಯಾಡೋ ಈರಬಸಪ್ಪಾ, ಸಾಲಿ ದಾಖಲೆ ತರಸು" ಎಂದ. ಹೌದಲ್ಲ ಅನಿಸಿತು. ನನ್ನ ಸರ್ವಿಸ್ ಪುಸ್ತಕದಲ್ಲಿ ನಿನ್ನ ಜನ್ಮ ವರ್ಷ ೧೯೪೫ ಎಂದು ಬರೆಸಿದ್ದು ನಾನೇ, ಹೆಣ್ಣು ನೋಡುವ ದಿನ ನಿನ್ನ ಸೋದರಮಾವ ಹೇಳಿದ ಲೆಕ್ಕದ ಮೇಲೆ. ಬೇರೆ ಆಧಾರ ಏನೂ ಇರಲಿಲ್ಲ. ಅದಕ್ಕೆ ನಿನ್ನ ತಮ್ಮ ಚನ್ನವೀರನಿಗೆ ಬನಹಟ್ಟಿಗೆ ಕಾಗದ ಬರೆದು, ನೀನು ನಾಲ್ಕನೇ ಇಯತ್ತೆಯವರೆಗೆ ಓದಿದ ಹೆಣ್ಣುಮಕ್ಕಳ ಶಾಲೆಯ ದಾಖಲೆ ಕಳಿಸು ಎಂದೆ. ನಿನಗೆ ತಿಳಿಸಲಿಲ್ಲ. ತಿಳಿಸಿದ್ದರೆ ನೀನು ಅವನನ್ನು ತಡೆಯುತ್ತಿದ್ದೆ, ಈಗ ಗೊತ್ತಾಗುತ್ತದೆ.

ಸೋಮವಾರ ಆ ದಾಖಲೆ ಬಂತು. ನಿನ್ನ ಜನ್ಮ ತಾರೀಖು ೯ ಡಿಸೆಂಬರ್ ೧೯೪೦. ಕನ್ನಡಕದ್ದೇ ತಪ್ಪು ಎಂದುಕೊಂಡು ಬಾಗಿಲಿಗೆ ಹೋಗಿ ಬಿಸಿಲಿನಲ್ಲಿ ಹಿಡಿದು ನೋಡಿದೆ. ಜೊತೆಗೆ ಚನ್ನವೀರನ ಒಂದು ಚೀಟಿ ಇತ್ತು. "ಮಾವಾರ, ಸಿಟ್ಟಾಗಬ್ಯಾಡ್ರಿ. ಅಕ್ಕಗ ಇಪ್ಪತ್ತೈದು ಆಗಿತ್ತರಿ, ಬಂದ ಗಂಡೆಲ್ಲಾ ವಯಸ್ಸು ಕೇಳಿ ಎದ್ದು ಹೋಗತಿದ್ರು. ನಮ್ಮ ಸೋದರಮಾವ ಐದು ವರ್ಷ ಕಡಿಮಿ ಹೇಳಿದ. ಈ ಕಾಗದ ನಿಮ್ಮ ಕೈಗೆ ಸಿಗಬಾರದು ಅಂತ ಅಕ್ಕ ನನ್ನ ಹತ್ರನ ಇಡಿಸಿದ್ಲು" ಎಂದು ಬರೆದಿದ್ದ. ಅಂದರೆ ಮದುವೆಯಾದಾಗ ನನಗೆ ಇಪ್ಪತ್ಮೂರು, ನಿನಗೆ ಇಪ್ಪತ್ತೈದು. ಈಗ ನನಗೆ ಅರವತ್ತೆರಡು, ನಿನಗೆ ಹದಿನೈದು ದಿನದಲ್ಲಿ ಅರವತ್ತೈದು. ಸುಳ್ಳು ಹೇಳುವುದಿಲ್ಲ, ಮೊದಲು ಸಿಟ್ಟು ಬಂತು. ಮೂವತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿದ್ದು ಒಂದು ದಿನವೂ ಬಾಯಿ ಬಿಡಲಿಲ್ಲವಲ್ಲ ಇವಳು ಎಂದು. ಡಬ್ಬಿ ಬಂದದ್ದು ಹಾಗೇ ಇತ್ತು, ಆ ದಿನ ಬಿಚ್ಚಲಿಲ್ಲ.

ಆಮೇಲೆ ಸಿಟ್ಟು ಇಳಿಯಿತು, ಬೇರೆಯದೇ ಶುರುವಾಯಿತು. ಹೋದ ವರ್ಷ ಚಂಪಾಷಷ್ಠಿಗೆ ಜೇಜುರಿಗೆ ಹೋಗಿದ್ದು ನೆನಪಾಯಿತು. ಅರ್ಧ ಮೆಟ್ಟಿಲಿಗೆ ನೀನು ಕಂಬ ಹಿಡಿದು ಕೂತುಬಿಟ್ಟೆ. ನಾನು ಮೇಲಿನ ಮೆಟ್ಟಿಲ ಮೇಲೆ ನಿಂತು ನಮ್ಮ ಕಡೆಯ ಜನರೆಲ್ಲರ ಎದುರಿಗೆ ಏನಂದೆ? "ನನಗಿಂತ ಎರಡು ವರ್ಷ ಸಣ್ಣಾಕಿ, ನಾ ಹತ್ತಿ ನಿಂತೀನಿ. ನಿನಗೇನು ಧಾಡಿ ಆಗೇದ?" ಜನ ನಕ್ಕರು. ನೀನೂ ನಕ್ಕೆ. ಸೆರಗಿನಿಂದ ಮುಖ ಒರೆಸಿಕೊಂಡು, "ನೀವು ಮುಂದ ನಡೀರಿ, ನಾ ಬರ್ತೀನಿ" ಎಂದು ಕೈ ಊರಿ ಊರಿ ಹತ್ತಿದೆ. ಅದು ಒಂದು ದಿನದ ಮಾತಲ್ಲ. ನೀರು ತುಂಬುವಾಗ, ಸಂತೆಯಿಂದ ಬರುವಾಗ, ಬಸ್ಸು ಹತ್ತುವಾಗ, ಯಾವಾಗಲೂ ನಾನು ಅದೇ ಎರಡು ವರ್ಷದ ಲೆಕ್ಕ ಹೇಳಿ ನಿನ್ನನ್ನು ಚುಚ್ಚಿದ್ದೇನೆ. ನಿನ್ನ ಕಾಲು ನೋಯುತ್ತಿದ್ದವು, ನಾನು ಅದನ್ನು ಸೋಮಾರಿತನ ಎಂದೆ. ನಿಜವನ್ನು ಹೇಳಿದ್ದರೆ ನನ್ನ ಬಾಯಿ ಮುಚ್ಚುತ್ತಿತ್ತು. ನೀನು ನೋವನ್ನೇ ನುಂಗಿದೆ. ನನಗೆ ಭಾಳ ನಾಚಿಕೆಯಾಗಿದೆ ಕಾಶವ್ವಾ. ಎದುರಿಗೆ ಇದ್ದರೆ ಇದನ್ನು ಹೇಳಲು ಬರುತ್ತಿರಲಿಲ್ಲ, ಕಾಗದವಾದದ್ದಕ್ಕೆ ಬರೆದೆ.

ಮಂಗಳವಾರ ಮಾರ್ತಾಂಡನಿಗೆ ತೋರಿಸಿದೆ. ಅವನು ಅದನ್ನು ಮಡಚಿ ನನ್ನ ಜೇಬಿಗೇ ತುರುಕಿದ. "ಕಾಕಾ, ಇದನ್ನ ಯಾಕ ಹೊರಗ ತೆಗದ್ರಿ? ಪಿಂಚಣಿ ಕಾರ್ಡಿನ್ಯಾಗ ಅರವತ್ತು ಅದ, ಅದನ್ನ ಬರೀರಿ. ಕಂತೂ ಕಡಿಮಿ, ಗಡಬಡಿನೂ ಇಲ್ಲ" ಎಂದ. ಹೌದು, ಅರವತ್ತರವರಿಗೆ ವರ್ಷಕ್ಕೆ ಆರು ಸಾವಿರದ ಚಿಲ್ಲರೆ, ಅರವತ್ತು ದಾಟಿದವರಿಗೆ ಒಂಬತ್ತು ಸಾವಿರದ ಮೇಲೆ. ಸುಳ್ಳಿಗೊಂದು, ನಿಜಕ್ಕೊಂದು ಎಂದು ಒಂದು ದಿನವೆಲ್ಲ ಎರಡು ಫಾರ್ಮು ಮುಂದಿಟ್ಟುಕೊಂಡು ಕೂತೆ. ಸಂಕಪ್ಪನ ಮುಖ ಕಣ್ಣ ಮುಂದೆ ಬರುತ್ತಿತ್ತು. ಎರಡು ವರ್ಷ ಕಂತು ಕಟ್ಟಿ, ನಿನ್ನನ್ನು ಆಪರೇಷನ್ ಮಂಚದ ಮೇಲೆ ಮಲಗಿಸಿದ ದಿನ ವಯಸ್ಸು ಸುಳ್ಳು ಎಂದು ಅವರು ಕೈ ಎತ್ತಿದರೆ ನಾನು ಎಲ್ಲಿಗೆ ಹೋಗಲಿ? ನಿಜ ಬರೆದರೆ ನೀನು ಏನನ್ನುತ್ತೀಯೋ ಎಂಬ ಅಂಜಿಕೆ ಬೇರೆ. ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ನಿನ್ನ ಮಾನ, ಅದನ್ನು ನಿನ್ನನ್ನು ಕೇಳದೆ ಹೇಗೆ ಬಯಲು ಮಾಡಲಿ ಎಂದು ಪೆನ್ನು ಮುಚ್ಚಿಟ್ಟೆ. ಸಾಕಾಯಿತು. ವಯಸ್ಸಾದ ಮೇಲೆ ಮನುಷ್ಯನಿಗೆ ಇಷ್ಟು ಫಾರ್ಮು ತುಂಬುವ ಶಿಕ್ಷೆ ಇರಬಾರದು.

ಬೀಗತಿಯವರನ್ನು ನೀನು ಅಕ್ಕಾ ಅಕ್ಕಾ ಎಂದು ಕರೆಯುವುದು ನೆನಪಾಗಿ ಈ ದಣಿವಿನಲ್ಲೂ ನಗು ಬಂತು. ಅವರು ನಿನಗಿಂತ ನಾಲ್ಕು ವರ್ಷ ಚಿಕ್ಕವರು. ಹಾಗೇ ಕರೆಯುತ್ತಿರು, ಅವರಿಗೆ ಹೇಳುವ ಅಗತ್ಯ ಏನೂ ಇಲ್ಲ. ಮಕ್ಕಳಿಗೂ ನಾನು ಹೇಳಿಲ್ಲ, ಚನ್ನವೀರನಿಗೆ ಬಯ್ಯಬೇಡ.

ಮಗಳಿಗೆ, ಅಳಿಯಂದಿರಿಗೆ, ಕೂಸಿಗೆ ನನ್ನ ಆಶೀರ್ವಾದ, ಬೀಗರಿಬ್ಬರಿಗೂ ಶರಣು ತಿಳಿಸು. ಮೇಲೆ ರೂಢಿಯಂತೆ ನಿನಗೂ ಆಶೀರ್ವಾದ ಎಂದು ಬರೆದುಬಿಟ್ಟಿದ್ದೇನೆ, ಹೊಡೆದುಹಾಕಿದರೆ ಕಾಗದ ಹೊಲಸಾಗುತ್ತದೆ ಎಂದು ಬಿಟ್ಟೆ. ಪ್ರತಿ ದೀಪಾವಳಿ ಪಾಡ್ಯಕ್ಕೆ ಆರತಿ ಎತ್ತಿ ನನ್ನ ಕಾಲಿಗೆ ಬಿದ್ದು, ಏಳಲಾಗದೆ ಮಂಚ ಹಿಡಿಯುತ್ತಿದ್ದೆ. ಮುಂದಿನ ಪಾಡ್ಯದಿಂದ ಅದು ಬೇಡ. ಹಿರಿಯಳು ನೀನು. ಇದೇ ಮೊದಲ ಸಲ, ನಮಸ್ಕಾರಗಳು.

ನಿನ್ನ
ಈರಬಸಪ್ಪ

ತಾ.ಕ.: ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಎಂಟನೇ ತಾರೀಖಿನೊಳಗೆ ನಿನ್ನ ರಕ್ತ ಪರೀಕ್ಷೆ ಆಗಿ, ಫಾರ್ಮಿನ ಮೇಲೆ ನಿನ್ನ ಸಹಿ ಬೀಳಬೇಕು. ಒಂಬತ್ತಕ್ಕೆ ನಿನಗೆ ಅರವತ್ತೈದು, ಆಮೇಲೆ ಕಂಪನಿಯ ಬಾಗಿಲು ಮುಚ್ಚಿತು, ನಿನ್ನ ಕಾಲಿನದೂ ಮುಗಿಯಿತು. ಬೀಗತಿಯವರಿಗೆ ನನಗೆ ಆರಾಮಿಲ್ಲ ಎಂದು ಹೇಳಿ ಹೊರಡು, ಈ ಒಂದು ಸುಳ್ಳು ನನ್ನ ಪಾಲಿನದು. ಶನಿವಾರ ಮೂರನೇ ತಾರೀಖಿನ ರೈಲಿನ ಟಿಕೆಟ್ಟು ಇದರೊಳಗೆ ಇದೆ, ಕೆಳಗಿನ ಬರ್ತು ಸಿಕ್ಕಿದೆ. ಪುಣೆಯಲ್ಲಿ ಮೆಟ್ಟಿಲು ಹತ್ತಬೇಡ, ಇಳಿದಲ್ಲೇ ನಿಲ್ಲು, ನಾನು ಬರುತ್ತೇನೆ. ಟಿಕೆಟ್ಟಿನ ಮೇಲೆ ನಿನ್ನ ಹೆಸರಿನ ಮುಂದೆ ವಯಸ್ಸು ಅರವತ್ತನಾಲ್ಕು ಎಂದು ಬಿದ್ದಿದೆ. ನೋಡಿ ಗಾಬರಿಯಾಗಬೇಡ, ಅದು ರೈಲ್ವೆಯವರ ತಪ್ಪಲ್ಲ. ಕಿಟಕಿಯಲ್ಲಿ ನಾನೇ ಗಟ್ಟಿಯಾಗಿ ಹೇಳಿ ಬರೆಸಿದ್ದು.