ಕಡಲ ತಳದ ಎರೆಮಣ್ಣು

ರಾಯಚೂರು
ಡಿಸೆಂಬರ್ 14, 2024, ಶನಿವಾರ

ಪ್ರೀತಿಯ ಅವ್ವನಿಗೆ ನಿನ್ನ ರಾಧಾ ಮಾಡುವ ನಮಸ್ಕಾರ.

ಅವ್ವಾ, ಸಮುದ್ರದ ತಳದಲ್ಲಿ ನಮ್ಮ ಹೊಲದ ಮಣ್ಣು ಸಿಕ್ಕಿದೆ! ನಮ್ಮ ಎರೆಮಣ್ಣು. ಮಳೆ ಬಿದ್ದರೆ ಚಪ್ಪಲಿಗೆ ಅಂಟಿಕೊಂಡು ಕಾಲು ಎತ್ತಲು ಬಿಡದ ಅದೇ ಕರಿ ಮಣ್ಣು. ನಿನಗೆ ಇದನ್ನು ಹೇಳದೆ ನನಗೆ ಅನ್ನ ಇಳಿಯುತ್ತಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಮುಂದಿನ ಮಾತು ಕೇಳಿದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀ. ಎದುರಿಗೆ ಬಂದು ನಿಂತರೆ ನನಗೇ ಬಾಯಿ ಬಿಡಲಾಗುವುದಿಲ್ಲ. ಅದಕ್ಕೇ ಈ ಕಾಗದ. ದೇವದುರ್ಗದ ಬಸ್ಸಿನ ಕಂಡಕ್ಟರ್ ನಮ್ಮ ಅಂಬರೇಶ ಮಾವ ತಂದು ಕೊಡುತ್ತಾನೆ, ಪಕ್ಕದ ಮನೆಯ ಖತೀಜಾ ಬೀ ಓದಿ ಹೇಳುತ್ತಾರೆ. ಖತೀಜಾ ಬೀ, ಅವ್ವ ಸಾಕು ಎಂದರೂ ನಿಲ್ಲಿಸಬೇಡಿ.

ಕಹಿ ಇರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ಯುಗಾದಿಗೆ ನಾನು ಮಸರಕಲ್ಲಿಗೆ ಬರಲಿಲ್ಲ, ವಿಶಾಖಪಟ್ಟಣದಲ್ಲಿ ತರಬೇತಿ ಇದೆ ಎಂದಿದ್ದೆ. ಅದು ಸುಳ್ಳು. ನಾನು ಹಡಗಿನಲ್ಲಿದ್ದೆ. ಬಂಗಾಳ ಕೊಲ್ಲಿಯ ನಡುವೆ, ಎತ್ತ ನೋಡಿದರೂ ನೀರು. ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದ ಅಪ್ಪನನ್ನು ಕೃಷ್ಣೆಯ ನೆರೆ ಒಯ್ದ ಮೇಲೆ ನೀನು ನನ್ನ ಅಂಗೈಯಲ್ಲಿ ಬೀರಪ್ಪನ ಭಂಡಾರದ ಅರಿಶಿನ ಇಟ್ಟು, ತೆಪ್ಪ, ದೋಣಿ ಯಾವುದನ್ನೂ ಹತ್ತುವುದಿಲ್ಲ ಎಂದು ಆಣೆ ಮಾಡಿಸಿದ್ದೆ. "ಹೊಳಿ ಒಬ್ರನ್ನ ಒಯ್ದದ, ಇನ್ನೊಬ್ರನ್ನ ನಾ ಕೊಡಂಗಿಲ್ಲ" ಅಂದಿದ್ದೆ. ಆ ಆಣೆಯನ್ನು ಮುರಿದು ಹೋದೆ. ಬೈಯಿ, ನಿನಗೆ ಆ ಹಕ್ಕಿದೆ. ಪೂರ್ತಿ ಕೇಳಿ ಆಮೇಲೆ ಬೈಯಿ, ಅಷ್ಟೇ ನನ್ನ ಬೇಡಿಕೆ.

ಕೆಸರು ತೊಳೆಯುವವಳಿಗೆ ಸರಕಾರ ಯಾಕೆ ಪಗಾರ ಕೊಡುತ್ತದೆ ಎಂದು ನೀನು ಪ್ರತಿ ಸಲ ಕೇಳುತ್ತೀ, ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ. ಈಗ ಸರಿಯಾಗಿ ಹೇಳುತ್ತೇನೆ. ಬೋರಿಗೆ ಇಳಿಸುವ ಕೊಳವೆಯಂಥದ್ದೇ ಒಂದು ಭಾರದ ಕೊಳವೆಯನ್ನು ಹಡಗಿನಿಂದ ಕಡಲ ತಳಕ್ಕೆ ಬಿಡುತ್ತಾರೆ. ಅದು ಕೆಸರಿನಲ್ಲಿ ಹೂತು, ಹೊಟ್ಟೆ ತುಂಬ ಮಣ್ಣು ತುಂಬಿಕೊಂಡು ಮೇಲೆ ಬರುತ್ತದೆ. ಮೇಲಿನದು ನಿನ್ನೆ ಮೊನ್ನೆಯ ಮಣ್ಣು. ಕೆಳಗೆ ಹೋದಷ್ಟೂ ಹಳೆಯದು, ಬುಡದ್ದು ಇಪ್ಪತ್ತು ಸಾವಿರ ವರ್ಷದ ಹಿಂದಿನದು! ಅದನ್ನು ಜರಡಿಯಲ್ಲಿ ತೊಳೆದರೆ ರವೆಗಿಂತ ಸಣ್ಣ ಚಿಪ್ಪುಗಳು ಉಳಿಯುತ್ತವೆ. ಆ ಜೀವಿಗಳು ಬದುಕಿದ್ದಾಗ ಕಡಲು ಎಷ್ಟು ಬೆಚ್ಚಗಿತ್ತು, ಹೊಳೆಗಳು ಎಷ್ಟು ಸಿಹಿನೀರು ತಂದು ಸುರಿದವು ಎಂಬುದರ ಗುರುತು ಚಿಪ್ಪಿನಲ್ಲೇ ಇರುತ್ತದೆ. ಹೊಳೆ ತುಂಬಿ ಹರಿಯಿತು ಎಂದರೆ ನಮ್ಮ ಕಡೆ ಮಳೆ ಆಯಿತು ಎಂದೇ ತಾನೆ? ಹಿಂದೆ ಕಡಲು ಬಿಸಿಯಾದಾಗ ನಮ್ಮ ಮಳೆ ಹೇಗೆ ನಡೆದುಕೊಂಡಿತ್ತು ಎಂದು ತಿಳಿದರೆ, ಈಗ ಮತ್ತೆ ಬಿಸಿಯಾಗುತ್ತಿರುವಾಗ ಹೇಗೆ ನಡೆದುಕೊಂಡೀತು ಎಂದು ಅಂದಾಜು ಮಾಡಬಹುದು. ಕೆಸರು ತೊಳೆಯುವುದು ಇದಕ್ಕೆ.

ಮೊದಲ ಕೊಳವೆ ಮೇಲೆ ಬಂದಾಗ ಹಡಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಬಾಯಿಗೆ ಮುಚ್ಚಳ ಹಾಕುವ ಕೆಲಸ ನನ್ನದು. ನಾನು ಏನು ಮಾಡಿದೆ ಗೊತ್ತೇ? ಕೆಲಸಕ್ಕೆ ಸೇರುವಾಗ ನೀನು ಗಂಟು ಕಟ್ಟಿ ಕೊಟ್ಟಿದ್ದ ಭಂಡಾರ ಬಿಚ್ಚಿ, ಯಾರೂ ನೋಡದ ಹಾಗೆ ಆ ಮಣ್ಣಿನ ಮೇಲೆ ಹಾಕಿ ಮುಚ್ಚಳ ಬಿಗಿದೆ. ಹೊಸ ಮರಿಗೆ, ಹೊಸ ಕಂಬಳಿಗೆ ಭಂಡಾರ ಹಚ್ಚದೆ ನಮ್ಮ ಮನೆಯಲ್ಲಿ ಯಾವ ಕೆಲಸ ಶುರುವಾಗಿದೆ ಹೇಳು. ಕೈ ತಾನೇ ಹೋಯಿತು ಅಂದುಕೋ. ಆದರೆ ನಮ್ಮ ಕೆಲಸದಲ್ಲಿ ಹೊರಗಿನದು ಒಂದು ಕಣವೂ ಒಳಗೆ ಬೀಳಬಾರದು.

ಆ ಕೊಳವೆಗಳು ರಾಯಚೂರಿಗೆ ಬಂದವು. ಈ ಸುಡುಬಿಸಿಲಿನ ಊರಿನಲ್ಲಿ ನಾವು ಕಡಲ ಕೆಸರನ್ನು ಫ್ರಿಜ್ಜಿನಲ್ಲಿಟ್ಟು, ಕರೆಂಟು ಹೋದರೆ ಎದೆ ಹಿಡಿದುಕೊಂಡು ಕಾಯುತ್ತೇವೆ. ನಮಗೆಲ್ಲ ದೊಡ್ಡವರು ಅನುರಾಧಾ ಮೇಡಂ, ಮಾನವಿಯ ಅಕ್ಕಿ ಗಿರಣಿಯವರ ಮಗಳು. ನನ್ನ ಜೊತೆ ಕೆಲಸ ಮಾಡುವವನು ಗೌತಮ. ಹೋದ ತಿಂಗಳು ಅವನು ಆ ಮೊದಲ ಕೊಳವೆಯನ್ನು ಉದ್ದಕ್ಕೆ ಸೀಳಿ ನೀಲಿ ದೀಪ ಹಿಡಿದ. ಮಣ್ಣಿನ ಅಂಚಿಗೆ ಹಳದಿ ಗೆರೆಯೊಂದು ಫಳಫಳ ಹೊಳೆಯಿತು. ಗೆರೆ ಎಲ್ಲಿಯವರೆಗೆ ಇಳಿದಿತ್ತು ಎಂದರೆ, ಸಾವಿರಾರು ವರ್ಷ ಹಳೆಯ ಪದರದವರೆಗೆ! ಗೌತಮ ಕುಣಿದೇಬಿಟ್ಟ. ಇದುವರೆಗೆ ಯಾರೂ ಕಾಣದ ಜೀವಿ ಇರಬೇಕು, ಈಗಲೇ ಹೊರದೇಶದವರಿಗೆ ಬರೆಯೋಣ ಎಂದು ಮೇಡಂ ಅವರನ್ನು ಕೂಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ನನ್ನ ಚೀಲ ಮುಟ್ಟಿ ನೋಡಿಕೊಂಡೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಳೆಯ ಬಗ್ಗೆ ಲೋಕಕ್ಕೆ ಸುಳ್ಳು ಹೋಗುತ್ತದಲ್ಲ ಅವ್ವಾ, ಅದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಗಂಟಿನಲ್ಲಿ ಉಳಿದಿದ್ದ ಭಂಡಾರವನ್ನು ದೀಪದ ಕೆಳಗೆ ಹಿಡಿದೆ. ಅದೂ ಹಾಗೆಯೇ ಹೊಳೆಯಿತು. ಗೌತಮ ತಲೆಯ ಮೇಲೆ ಕೈ ಹೊತ್ತು ಕುಳಿತ. ಮೇಡಂ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ, ಖತೀಜಾ ಬೀ ಓದಲು ನಾಚಿಕೊಂಡಾರು. ನನ್ನ ಕೆಲಸ ಹೋಯಿತು ಎಂದೇ ತಿಳಿದೆ.

ಬೈದು ಮುಗಿಸಿ ಅವರು ಮತ್ತೆ ದೀಪ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಅಂದರು: "ಭಂಡಾರ ನಡುವ ಹೋಗಿಲ್ಲ, ನೀರಿನ ಕೂಡ ಕೊಳವಿ ಗೋಡಿಗುಂಟ ಇಳದದ. ನಾವು ಇಷ್ಟು ದಿನ ಉಳಿದ ಕೊಳವಿಯೊಳಗ ಚಿಪ್ಪು ಎಲ್ಲಿಂದ ತಗೊಂಡೀವಿ, ರಾಧಾ?"

ಅಂಚಿನಿಂದ ಎಂದೆ. ಹೇಳುತ್ತಿದ್ದ ಹಾಗೇ ನನಗೂ ಹೊಳೆಯಿತು. ನಮ್ಮ ಲೆಕ್ಕದಲ್ಲಿ ಒಂದು ಒಗಟು ತಿಂಗಳುಗಳಿಂದ ಕಾಡುತ್ತಿತ್ತು. ಲೋಕವೆಲ್ಲ ಚಳಿಗೆ ಮುದುಡಿ, ಮಳೆ ಸೊರಗಿದ್ದ ಆ ಹಳೆಯ ಕಾಲದಲ್ಲಿ ನಡುವೆ ಒಂದು ದೊಡ್ಡ ಮಳೆ ಕಾಣುತ್ತಿತ್ತು. ಕೊಳವೆ ಇಳಿಯುವಾಗ ಮೇಲಿನ ಹೊಸ ಚಿಪ್ಪುಗಳೂ ಭಂಡಾರದ ಹಾಗೆಯೇ ಅಂಚಿಗುಂಟ ಕೆಳಗೆ ಜಾರಿದ್ದವು! ನಾವು ಮೂವರೂ ಕುಳಿತು, ಅಂಚನ್ನು ಕೆತ್ತಿ ಬಿಸಾಕಿ, ನಡುವಿನ ಮಣ್ಣನ್ನೇ ತೆಗೆದು ಎಲ್ಲವನ್ನೂ ಮತ್ತೆ ತೊಳೆದೆವು. ಮೊನ್ನೆ ಗುರುವಾರ ಫಲ ಬಂತು. ಆ ಸುಳ್ಳು ಮಳೆ ಮಾಯವಾಗಿತ್ತು. ನಿಜವಾದ ಮಳೆ ಎಲ್ಲಿ ಮರಳಿ ಬಂತು ಎಂಬುದು ಈಗ ಬೆರಳಿಟ್ಟು ತೋರಿಸುವ ಹಾಗೆ ಕಾಣುತ್ತದೆ: ಕಡಲು ಬೆಚ್ಚಗಾಗುತ್ತ ಬಂದಲ್ಲಿ ಚಿಪ್ಪುಗಳು ಬದಲಾಗುತ್ತವೆ, ಅಲ್ಲಿಂದಲೇ ನಮ್ಮ ಎರೆಮಣ್ಣು ದಪ್ಪಗೆ ಬಂದು ಕೂರತೊಡಗುತ್ತದೆ. ನಮ್ಮ ಸೀಮೆಯ ಮಣ್ಣನ್ನು ಕೃಷ್ಣೆ ಅಲ್ಲಿಯವರೆಗೆ ಹೊತ್ತೊಯ್ದಿದ್ದಾಳೆ. ನಾನು ಅದನ್ನು ಮೂಸಿ ನೋಡಿದೆ. ಉಪ್ಪು ವಾಸನೆ ಬಿಟ್ಟರೆ ಬಣ್ಣ, ಅಂಟು ಎಲ್ಲ ನಮ್ಮ ಹೊಲದ್ದೇ.

ಫೆಬ್ರುವರಿಯಲ್ಲಿ ಹಡಗು ಮತ್ತೆ ಹೊರಡುತ್ತದೆ, ಎರಡು ತಿಂಗಳು. ಮೇಡಂ ನನ್ನನ್ನೇ ಕೇಳಿದ್ದಾರೆ. "ಹೋಗು. ಆದ್ರ ಭಂಡಾರ ಹಣಿಗಿ ಇರ್ಲಿ, ಕೊಳವಿಗಿ ಬ್ಯಾಡ" ಅಂದರು. ನನಗೆ ಹೋಗಬೇಕು ಅವ್ವಾ, ತುಂಬ ತುಂಬ ಹೋಗಬೇಕು. ಆದರೆ ಈ ಸಲ ಸುಳ್ಳು ಹೇಳಿ ಹೋಗುವುದಿಲ್ಲ. ಸೋಮವಾರ ಹೆಸರು ಕೊಡಬೇಕು. ಆಣೆ ಹಾಕಿಸಿದವರೇ ಭಂಡಾರ ಕೊಟ್ಟರೆ ಆಣೆ ಬಿಡುತ್ತದೆ ಎಂದು ನೀನೇ ಹೇಳುತ್ತಿದ್ದೆ. ನಾಳೆ ಅಂಬರೇಶ ಮಾವ ಬಸ್ಸಿನೊಂದಿಗೆ ತಿರುಗಿ ಬರುತ್ತಾನೆ. ಒಪ್ಪಿಗೆಯಿದ್ದರೆ ಅವನ ಕೈಯಲ್ಲಿ ಒಂದು ಗಂಟು ಭಂಡಾರ ಕಳಿಸು. ಅವನು ಬರಿಗೈಯಲ್ಲಿ ಬಂದರೆ ಗೌತಮನ ಹೆಸರು ಕೊಟ್ಟುಬಿಡುತ್ತೇನೆ. ಮುನಿಸಿಕೊಳ್ಳುವುದಿಲ್ಲ. ಮಾಡಿದ ತಪ್ಪನ್ನು ಮಾತ್ರ ಹೊಟ್ಟೆಯಲ್ಲಿ ಹಾಕಿಕೋ.

ಆಣೆ ಮುರಿದರೂ ನಿನ್ನ ಮಾತಿಗೆ ಕಾದಿರುವ ಮಗಳು,
ರಾಧಾ

ತಾ.ಕ.: ಖತೀಜಾ ಬೀ, ಇದನ್ನು ಅವ್ವನ ಪಕ್ಕ ಕುಳಿತು ಓದಿ. ಅವ್ವಾ, ಕೈ ತಾನೇ ಹೋಯಿತು ಎಂದು ಮೇಲೆ ಬರೆದೆ, ಮೇಡಂಗೂ ಹಾಗೇ ಹೇಳಿದೆ. ಅದು ನಿಜವಲ್ಲ. ಕೊಳವೆಯ ಬಾಯಿಯಲ್ಲಿ ಉಗುರಿನಷ್ಟು ತೆಳ್ಳಗೆ ಇದ್ದದ್ದು ನಮ್ಮ ಕಾಲದ ಮಣ್ಣು. ಅಪ್ಪನನ್ನು ಒಯ್ದ ನೆರೆಯ ಮಣ್ಣೂ ಅದರಲ್ಲೇ ಬಂದು ಸೇರಿರಬೇಕು. ಅಪ್ಪ ನಮಗೆ ಸಿಗಲೇ ಇಲ್ಲ. ನಾವು ಅವನಿಗೆ ಹಿಡಿ ಮಣ್ಣು ಹಾಕಲಿಲ್ಲ, ಹಣೆಗೆ ಭಂಡಾರ ಹಚ್ಚಲಿಲ್ಲ. ಅವತ್ತು ಹಡಗಿನಲ್ಲಿ ನಾನು ಹಚ್ಚಿದೆ. ನಿನ್ನ ಹೆಸರಿನಲ್ಲೂ ಒಂದು ಚಿಟಿಕೆ ಹಾಕಿದೆ.