ಹಸಿ ಸೋಪಿನ ಮೇಲಿನ ಗೆರೆಗಳು

ಶುಕ್ರವಾರ, ಮಧ್ಯಾಹ್ನ
ಒಣಗುವ ಕೋಣೆಯಿಂದ

ನನ್ನ ಗೀಚುಗುಬ್ಬಿಗೆ,

ದೇವರು ನಿನ್ನನ್ನು ನೆಮ್ಮದಿಯಾಗಿಟ್ಟಿರಲಿ. ಊಟ ಮಾಡಿ ಆಮೇಲೆ ಓದು. ಹಸಿದ ಹೊಟ್ಟೆಯಲ್ಲಿ ಓದುವ ಕಾಗದವಲ್ಲ ಇದು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀಯ. ಹೇಳಹೊರಟೆ. ಅಷ್ಟರಲ್ಲಿ ನೀನು "ಅಮ್ಮಾ, ಸೋಮವಾರ ಒಂದು ಸರಿಯಾಗಿ ಮುಗಿದ್ರೆ ನನ್ನ ಕೆಲಸ ಕಾಯಂ" ಅಂದೆ. ನಾನು ಬೇರೆ ಮಾತೆತ್ತಿ ಫೋನು ಇಟ್ಟೆ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ. ಹೊರಗೆ ವ್ಯಾನಿನ ಅಣ್ಣ ಸೋಪಿನ ಪೆಟ್ಟಿಗೆಗಳನ್ನು ತುಂಬುತ್ತಿದ್ದಾನೆ. ಅವನು ನಿಮ್ಮ ಕಡೆಗೇ ಹೊರಟಿದ್ದಾನೆ. ಹಿಂಬಾಗಿಲು ಹಾಕುವ ಮೊದಲು ಇದನ್ನು ಅವನ ಕೈಗೆ ಕೊಡಬೇಕು, ಅದಕ್ಕೇ ಅಕ್ಷರಗಳು ಓಡುತ್ತಿವೆ.

ವಿಷಯ ಇಷ್ಟು. ಸೋಮವಾರ ಬೆಳಗ್ಗೆ ನಮ್ಮ ಸೋಪಿನ ಕಾರ್ಖಾನೆಯ ಸೊಸೆಯಮ್ಮ ನಿಮ್ಮ ಆಫೀಸಿಗೆ ಬಂದು ನೀನು ಬರೆದ ಲೋಗೊಗೆ ಒಪ್ಪಿಗೆ ಹಾಕುತ್ತಾರೆ. ಹಾಕಿದ ಮೇಲೆ ಹಿತ್ತಾಳೆಯ ಅಚ್ಚುಗಳನ್ನು ಕೊರೆಯಲು ಕೊಡುತ್ತಾರೆ, ಡಬ್ಬಿಗಳು ಅಚ್ಚಾಗುತ್ತವೆ, ಆಮೇಲೆ ಅದರ ಒಂದು ಗೆರೆಯೂ ಅಲುಗುವುದಿಲ್ಲ. ಅದಕ್ಕೆ ಮುಂಚೆ ಆ ಗೆರೆಗಳು ಇಲ್ಲಿ ಏನು ಮಾಡುತ್ತಿವೆ ಅಂತ ನಿನಗೆ ಗೊತ್ತಿರಬೇಕು. ಗೊತ್ತಿದ್ದು ನೀನು ಏನು ಮಾಡಿದರೂ ಅದು ನಿನ್ನದು. ಗೊತ್ತಿಲ್ಲದೆ ಆಗುವುದು ಬೇಡ.

ಮೊದಲಿಂದ ಹೇಳುತ್ತೇನೆ. ದೊಡ್ಡ ಯಜಮಾನರು ಹಾಸಿಗೆ ಹಿಡಿದ ಮೇಲೆ ಕಾರ್ಖಾನೆ ಅವರ ಸೊಸೆಯ ಕೈಗೆ ಬಂತು. ಅವರು ಕೆಟ್ಟವರಲ್ಲ. ನಮ್ಮ ಸೋಪು ದೊಡ್ಡ ಅಂಗಡಿಗಳ ಕಪಾಟು ಹತ್ತಬೇಕು, ಅದಕ್ಕೆ ಕಂಡೊಡನೆ ಗುರುತು ಹಿಡಿಯುವ ಒಂದು ಲೋಗೊ ಬೇಕು ಅಂದಾಗ, ನಮ್ಮ ಹುಡುಗಿ ಅದನ್ನೇ ಕಲಿತವಳು ಅಂತ ಎದ್ದು ಹೇಳಿದವಳು ನಾನು. ಆವತ್ತಿನಿಂದ ಮೇಸ್ತ್ರಿ ನನಗೆ ಲೋಗೊ ತಾಯಿ ಅಂತಲೇ ಹೆಸರಿಟ್ಟ. ನನಗೂ ಒಳಗೊಳಗೆ ಹಿತವಾಗಿತ್ತು.

ನಿನ್ನ ಎಲೆಯ ಚಿತ್ರ ಬಂದಾಗ ಸೊಸೆಯಮ್ಮ ಅಂದಿದ್ದು ನಾನು ನಿನಗೆ ಹೇಳಿರಲಿಲ್ಲ: "ಎಲೆ ಎಲ್ಲರ ಸೋಪಿನ ಮೇಲೂ ಇದೆ. ಎಲೆ ನೋಡಿ ಆಡು ಬರುತ್ತೆ, ಗಿರಾಕಿ ಬರಲ್ಲ." ಗುಳ್ಳೆಯ ಚಿತ್ರಕ್ಕೆ "ಒಡೆದುಹೋಗೋದನ್ನ ಯಾರಾದ್ರೂ ಹೆಸರಿನ ಪಕ್ಕ ಇಟ್ಕೋತಾರಾ" ಅಂದರು. ನಿಮ್ಮ ಆಫೀಸಿನ ಯಜಮಾನರು ನಿನಗೆ ಇನ್ನೊಂದೇ ಅವಕಾಶ ಅಂದಾಗ ನೀನು ಅನ್ನ ಬಿಟ್ಟೆ. ಆಮೇಲೆ ಕೈಗಳು ಬಂದವು. ಒಡ್ಡಿದ ಎರಡು ಕೈ, ಬರೀ ಎರಡು ಬಳುಕು ಗೆರೆ, ನಡುವೆ ಸೋಪಿನಷ್ಟು ಖಾಲಿ ಜಾಗ. ಒಂದು ಸಲ ನೋಡಿದವರು ಮರೆಯಬಾರದು, ಉಗುರಿನಷ್ಟು ಚಿಕ್ಕದು ಮಾಡಿದರೂ ಕೆಡಬಾರದು, ಬಣ್ಣವಿಲ್ಲದೆಯೂ ನಿಲ್ಲಬೇಕು ಅಂತೆಲ್ಲ ನೀನು ಫೋನಿನಲ್ಲಿ ಪಾಠ ಮಾಡಿದೆ. ನಾನು ನೆಲ ಒರೆಸುವಾಗ ಒದ್ದೆ ಬೆರಳಲ್ಲಿ ಅದನ್ನೇ ಬರೆದೆ. ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು "ಯಾರಿಗೆ ಕೈ ಒಡ್ಡಿದ್ದೀಯೇ" ಅಂದಳು. ಇದು ಗೆಲ್ಲುತ್ತದೆ ಅಂದುಕೊಂಡೆ.

ಸೊಸೆಯಮ್ಮ ಬಿಡಲಿಲ್ಲ. ಇದು ಯಾರ ಕೈ ಬೇಕಾದರೂ ಆಗಬಹುದು, ದುಡಿಯುವ ಹೆಂಗಸಿನ ಕೈ ಅಂತ ಕಾಣಬೇಕು ಅಂದರು. ಹಿಂದಿನ ಸಲ ಬಂದಾಗ, ನಾನು ಕಿಟಕಿಯ ಹತ್ತಿರ ಪ್ರಾರ್ಥನೆಗೆ ಕೂತಿದ್ದಾಗ ನೀನು ತೆಗೆದ ಫೋಟೊ ಇತ್ತಲ್ಲ, ಅದನ್ನು ಮುಂದಿಟ್ಟುಕೊಂಡು ಅಂಗೈ ಗೆರೆ, ಬೆರಳಿನ ಗಂಟು, ಉಗುರು, ಮುಂಗೈಯ ನರ ಎಲ್ಲ ಸೇರಿಸಿದೆ. ಬೇಡ ಅಂತ ನಿನಗೆ ಅನಿಸಿತ್ತು. ನೀನೇ ಹೇಳಿದ್ದೆ. ಆದರೂ ಬರೆದೆ. ಬರೆಯದೆ ಏನು ಮಾಡುತ್ತಿದ್ದೆ?

ಆ ಚಿತ್ರವನ್ನು ಪ್ಯಾಕಿಂಗ್ ಕೋಣೆಯ ಗೋಡೆಗೆ ಅಂಟಿಸಿದರು. ಹೆಂಗಸರೆಲ್ಲ ಮುತ್ತಿಕೊಂಡರು. ನಮ್ಮಲ್ಲಿ ಬಾಯಿಬಡುಕಿ ಅಂತ ಒಬ್ಬಳಿದ್ದಾಳೆ, ನಿನಗೆ ಗೊತ್ತು. ಅವಳು ನನ್ನ ಕೈ ಹಿಡಿದು ಗೋಡೆಯ ಪಕ್ಕ ಇಟ್ಟು, "ಇದೇ ಕೈಯಾ? ನಿನ್ ಮಗಳು ಇಸ್ತ್ರಿ ಮಾಡಿ ಬರ್ದಿದ್ದಾಳೆ ಬಿಡು" ಅಂದಳು. ಎಲ್ಲ ನಕ್ಕರು. ನಾನೂ ನಕ್ಕೆ. ಆವತ್ತು ನನ್ನಷ್ಟು ಬೀಗಿದವಳು ಇನ್ನೊಬ್ಬಳಿರಲಿಲ್ಲ.

ಈಗ ನಿನಗೆ ಗೊತ್ತಿಲ್ಲದ್ದು. ಮುಂಚೆ ನಾವು ಸೋಪನ್ನು ಕತ್ತರಿಸಿ ಹಲಗೆಯ ಮೇಲೆ ವಾರಗಟ್ಟಲೆ ಒಣಗಲು ಬಿಟ್ಟು, ಸೋಪಿಗೆ ಹಾಕುವ ಕಾಸ್ಟಿಕ್ ಸೋಡಾದ ಉರಿಯೆಲ್ಲ ಇಳಿದ ಮೇಲೆ ಕಾಗದ ಸುತ್ತುತ್ತಿದ್ದೆವು. ಹಸಿಯಾಗಿದ್ದಾಗ ಮುಟ್ಟುವ ಕೆಲಸವೇ ಇರಲಿಲ್ಲ, ಮುಟ್ಟಿದರೂ ಗ್ಲೌಸು ಹಾಕಿಕೊಂಡು. ಈಗ ಪ್ರತಿಯೊಂದು ಸೋಪಿನ ಮೇಲೂ ಲೋಗೊ ಒತ್ತಬೇಕು. ಅಂಗಡಿಗಳಿಗೆ ತೋರಿಸುವ ಸರಕಿಗಾಗಿ ಸದ್ಯಕ್ಕೆ ಮರದ ಅಚ್ಚುಗಳನ್ನು ಮಾಡಿಸಿದ್ದಾರೆ. ಒಣಗಿದ ಸೋಪಿನ ಮೇಲೆ ಒತ್ತಿದರೆ ಆ ಸಣ್ಣ ಗೆರೆಗಳು ಬಿರುಕು ಬಿಟ್ಟು ಉದುರುತ್ತವೆ. ಬೆಣ್ಣೆಯ ಹಾಗಿದ್ದಾಗಲೇ, ಕತ್ತರಿಸಿದ ದಿನವೇ, ಎಡ ಅಂಗೈಯಲ್ಲಿ ಸೋಪು ಹಿಡಿದು ಬಲಗೈಯಲ್ಲಿ ಅಚ್ಚು ಒತ್ತಬೇಕು. ಗ್ಲೌಸಿನ ರಬ್ಬರು ಹಸಿ ಸೋಪಿಗೆ ಅಂಟಿಕೊಂಡು ಎಳೆಯುತ್ತದೆ. ಬೆರಳಿನ ಗೆರೆಗಳೆಲ್ಲ ಕಲಸಿಹೋಗಿ, ಕೈಯ ಬದಲು ಒದ್ದೆ ಬೇರಿನ ಹಾಗೆ ಕಾಣುತ್ತದೆ.

ಆದ್ದರಿಂದ ಬರಿಗೈ.

ಮಗಳೇ, ಬರಿಗೈಯಲ್ಲಿ ಮೊದಲು ಒತ್ತಿದವಳು ನಾನು. ಮೇಸ್ತ್ರಿ ಹೇಳಿರಲಿಲ್ಲ, ಸೊಸೆಯಮ್ಮ ಹೇಳಿರಲಿಲ್ಲ. ಮೊದಲ ದಿನ ಒಂದೊಂದೂ ಕಲಸಿಹೋಗುತ್ತಿತ್ತು. ಬಾಯಿಬಡುಕಿ "ಇದೇನೇ, ನಿನ್ ಮಗಳು ಏಡಿ ಬರ್ದಿದ್ದಾಳಾ" ಅಂದಳು. ಮೇಸ್ತ್ರಿ, ಈ ಚಿತ್ರ ಆಗುವ ಹೋಗುವ ಮಾತಲ್ಲ, ಯಜಮಾನಿಗೆ ಹೇಳಿಬಿಡುತ್ತೇನೆ ಅಂತ ಎದ್ದ. ನಿನ್ನ ಚಿತ್ರ ತಿರಸ್ಕಾರವಾಗುತ್ತದಲ್ಲ ಅಂತ ಅವನನ್ನು ತಡೆದೆ. ಗ್ಲೌಸು ಕಿತ್ತುಹಾಕಿ ಒತ್ತಿದೆ. ಚಿತ್ರ ಉಗುರು ಸಮೇತ ಮೂಡಿತು. ನೋಡಿ, ನೋಡಿ ಅಂತ ಎಲ್ಲರಿಗೂ ನಾನೇ ತೋರಿಸಿದೆ. ಮಾರನೆಯ ದಿನ ಬಂದು ನೋಡಿದರೆ ಗ್ಲೌಸಿನ ಡಬ್ಬವೇ ಮೇಜಿನ ಮೇಲಿರಲಿಲ್ಲ.

ಮೊದಲು ಕೈ ಒಣಗಿತು, ಆಮೇಲೆ ಉರಿ, ಆಮೇಲೆ ಬಿರುಕು. ಈಗ ನನ್ನ ಎಡ ಅಂಗೈಯಲ್ಲಿ ಮೇಲಿನ ಚರ್ಮ ಇಲ್ಲ. ನೀನು ಬರುತ್ತೇನೆ ಅಂದಾಗ ಮನೆಗೆ ಸುಣ್ಣ ಬಳಿಸುತ್ತಿದ್ದೇನೆ, ಈಗ ಬೇಡ ಅಂದಿದ್ದು ಸುಳ್ಳು. ಆಸ್ಪತ್ರೆಯ ನರ್ಸಮ್ಮ ಮುಲಾಮು ಕೊಟ್ಟು, ಸ್ವಲ್ಪ ದಿನ ಸೋಪು ಮುಟ್ಟಬೇಡಿ ಅಂದರು. ಸೋಪಿನ ಕಾರ್ಖಾನೆಯಲ್ಲಿ ಕೆಲಸ ಅಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಇಬ್ಬರಿಗೂ ನಗು ಬಂತು.

ನನ್ನದು ಬಿಡು. ದೊಡ್ಡಕ್ಕನದು ನೋಡಲಾಗುವುದಿಲ್ಲ. ನಮ್ಮಲ್ಲೆಲ್ಲ ಹಳಬಳು, ಯಾವತ್ತೂ ಏರುದನಿಯಲ್ಲಿ ಮಾತಾಡಿದವಳಲ್ಲ. ಮೊನ್ನೆ ಊಟದ ಹೊತ್ತಿಗೆ ಚಮಚ ಹಿಡಿಯಲಾರದೆ ಕೂತಿದ್ದಳು. ತಿನ್ನಿಸಲೇ ಅಂತ ಕೇಳಿದೆ. "ತಿನ್ನೋದು ಹೆಂಗೋ ಆಗುತ್ತೆ ಕಣೇ. ಮೊಮ್ಮಗೂನ ಎತ್ಕೊಂಡ್ರೆ ಅಳುತ್ತೆ. ನನ್ ಕೈ ಚುಚ್ಚುತ್ತಂತೆ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

ಬೈಯುವ ಕೆಲಸ ಬಾಯಿಬಡುಕಿ ಮಾಡಿದಳು. ಎಲ್ಲರ ಮುಂದೆ ಗೋಡೆಯ ಚಿತ್ರ ತೋರಿಸಿ, "ಅದಕ್ಕೆ ಮೈತುಂಬ ಚರ್ಮ ಇದೆಯಲ್ಲ, ಅದೇ ಇಳಿದು ಬಂದು ಒತ್ತಲಿ. ಗೆರೆ ಇವಳ ಮಗಳದು, ಚರ್ಮ ನಮ್ದು" ಅಂದಳು. ನಾನು ತಲೆ ತಗ್ಗಿಸಿ ಇನ್ನೊಂದು ಸೋಪು ಎತ್ತಿಕೊಂಡೆ. ದಿನಾ ಕಿಟಕಿಯ ಹತ್ತಿರ ಕೂರುತ್ತೇನೆ. ಕೈ ಜೋಡಿಸಿದರೆ ಉರಿಯುತ್ತದೆ, ಅದಕ್ಕೆ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡೇ ಪ್ರಾರ್ಥಿಸುತ್ತೇನೆ. ಇಷ್ಟು ದಿನ ದೇವರನ್ನು ಕೇಳಿಕೊಂಡಿದ್ದು ಒಂದೇ: ಸೋಮವಾರದ ತನಕ ಎಲ್ಲರೂ ತಡೆದುಕೊಳ್ಳಲಿ. ಒಂದು ದಿನ ಬೆಳಗ್ಗೆ ಅದನ್ನೇ ಕೇಳುತ್ತಿದ್ದಾಗ ನನಗೇ ನಾಚಿಕೆಯಾಗಿ ಅರ್ಧಕ್ಕೆ ಎದ್ದುಬಿಟ್ಟೆ. ಇನ್ನೊಬ್ಬರ ಕೈ ಸುಡಲಿ, ನನ್ನ ಮಗುವಿಗೆ ಒಳ್ಳೆಯದಾಗಲಿ ಅಂತ ಬೇಡುವುದು ಪ್ರಾರ್ಥನೆಯಾ?

ನಿನ್ನೆ ಸೊಸೆಯಮ್ಮನ ಹತ್ತಿರ ಹೋದೆ. ಕುರ್ಚಿ ಕೊಟ್ಟು ಕೂರಿಸಿದರು. ಕೈ ತೋರಿಸಿದೆ. ಪಾಪ, ಮುಖ ಸಣ್ಣದು ಮಾಡಿಕೊಂಡರು. ಗೆರೆ ಕಡಿಮೆ ಮಾಡಿದರೆ ಹೇಗೆ ಅಂತ ಕೇಳಿದೆ. "ಗೆರೆ ಎಳೆದವಳು ನಿಮ್ಮ ಮಗಳು. ಬೇಡ ಅಂತ ಅವಳೇ ಸೋಮವಾರ ಹೇಳ್ಲಿ, ಕೇಳ್ತೀನಿ. ಆದ್ರೆ ಇನ್ನೊಂದು ಸಲ ಬರೆಸೋಕೆ ನನಗೆ ಪುರುಸೊತ್ತಿಲ್ಲಮ್ಮ, ಬೇರೆ ಆಫೀಸು ನೋಡ್ಕೋಬೇಕಾಗುತ್ತೆ" ಅಂದರು. ದನಿ ಏರಿಸಲೇ ಇಲ್ಲ. ಏರಿಸಿದ್ದರೆ ವಾಸಿ ಅನಿಸಿತು. ಎದ್ದು ಬರುವಾಗ, ಪೋಸ್ಟರಿಗೆ ನಿಮ್ಮ ಕೈಯ ಫೋಟೊ ಬೇಕು, ವಾಸಿಯಾದ ಮೇಲೆ ತೆಗೆಯೋಣ ಅಂತಲೂ ಅಂದರು.

ಇವತ್ತು ಬೆಳಗ್ಗೆ ನಾನು ಮನೆಯಿಂದ ಪಾತ್ರೆ ತೊಳೆಯುವ ಗ್ಲೌಸು ತಂದು ಹಾಕಿಕೊಂಡೆ. ಮೇಸ್ತ್ರಿ ಬಂದು ನಿಂತ. "ಏನಮ್ಮ ಲೋಗೊ ತಾಯಿ, ನೀವೇ ಹಿಂಗ್ ಮಾಡಿದ್ರೆ ಹೆಂಗೆ?" ಅಂದ. ನಾನೇ ಅಲ್ಲವೇನಪ್ಪ ಶುರು ಮಾಡಿದ್ದು, ನಾನೇ ನಿಲ್ಲಿಸುತ್ತೇನೆ ಅಂದೆ. ಕೆಟ್ಟ ಸೋಪುಗಳೆಲ್ಲ ನನ್ನ ಮುಂದೆ ರಾಶಿ ಬಿದ್ದವು. ತಲೆ ಎತ್ತಿ ನೋಡಿದರೆ ದೊಡ್ಡಕ್ಕ ತನ್ನ ಸೆರಗು ಹರಿದು ಅಂಗೈಗೆ ಸುತ್ತಿಕೊಳ್ಳುತ್ತಿದ್ದಳು. ಬಾಯಿಬಡುಕಿ ಮಾತಿಲ್ಲದೆ ಅವಳಿಗೆ ಗಂಟು ಹಾಕಿಕೊಟ್ಟಳು. ಮೇಸ್ತ್ರಿ ನನಗೆ ಹೊರಗೆ ನಡೆಯಿರಿ ಅಂದ, ನಾನು ಈ ಒಣಗುವ ಕೋಣೆಗೆ ಬಂದು ಕೂತೆ. ಹಗಲು ಹೊತ್ತಿನಲ್ಲಿ ಕಾಗದ ಬರೆಯಲು ನನಗೆ ಬಿಡುವು ಸಿಕ್ಕಿದ್ದು ಹೀಗೆ. ಸೋಮವಾರ ನನ್ನನ್ನು ಒಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬಿಟ್ಟರೂ ಬರಿಗೈಯಲ್ಲಿ ಒತ್ತುವುದಿಲ್ಲ. ಉಳಿದವರೂ ಹಾಗೇ ಅಂದಿದ್ದಾರೆ.

ನಿನಗೆ ಕೆಲಸ ಕಳೆದುಕೋ ಅಂತ ನಾನು ಹೇಳಲಾರೆ. ಹೆತ್ತವಳ ಬಾಯಲ್ಲಿ ಅದು ಬರುವುದಿಲ್ಲ. ನೀನು ಆ ಕುರ್ಚಿಗಾಗಿ ಎಷ್ಟು ಪಾಡು ಪಟ್ಟೆ ಅಂತ ಬಲ್ಲೆ. ಆ ಎರಡು ಬಳುಕು ಗೆರೆಯ ಹಳೆಯ ಚಿತ್ರ ಒಣಗಿದ ಸೋಪಿನ ಮೇಲೆ ನಿಲ್ಲುತ್ತದೋ ಇಲ್ಲವೋ ನನಗೆ ತಿಳಿಯದು, ಅದು ನಿನ್ನ ವಿದ್ಯೆ. ನಿನಗೆ ಅದು ಸರಿ ಅನಿಸಿದರೆ ಸೊಸೆಯಮ್ಮನ ಮುಂದೆ ಸರಿ ಅಂತ ಹೇಳು. ಅನಿಸದಿದ್ದರೆ, ನನಗಾಗಿ ಹೇಳಬೇಡ. ಯಾವುದನ್ನು ಹೇಳಿದರೂ ಮನೆಗೆ ಬಾ. ಸುಣ್ಣ ಬಳಿದಿಲ್ಲ, ಹಾಸಿಗೆ ಹಾಸಿರುತ್ತೇನೆ.

ವ್ಯಾನಿನ ಅಣ್ಣ ಕೂಗುತ್ತಿದ್ದಾನೆ.

ನಿನ್ನನ್ನು ಹೊತ್ತು ತಿರುಗಿದ,
ಅಮ್ಮ

ಇನ್ನೊಂದು ಮಾತು: ಕಾಗದದ ಜೊತೆ ಒಂದು ತಗಡಿನ ಡಬ್ಬಿ ಇದೆ. ಅದರಲ್ಲಿರುವುದು ಇವತ್ತು ದೊಡ್ಡಕ್ಕ ಒತ್ತಿದ ಹಸಿ ಸೋಪು. ಬಟ್ಟೆಯ ಎಳೆ ಅಂಟಿದೆ, ಗೆರೆ ಕಲಸಿದೆ, ಅದು ಹಾಗೇ ಇರಲಿ. ಸೋಮವಾರ ಮೇಜಿನ ಮೇಲೆ ಇಡು. ನೀನು ಬರಿಗೈಯಲ್ಲಿ ಮುಟ್ಟಬೇಡ. ಸೊಸೆಯಮ್ಮ ಏನನ್ನೇ ಕಂಡರೂ ಎತ್ತಿ ತಿರುಗಿಸಿ ನೋಡುವವರು, ಇದನ್ನೂ ಎತ್ತಿಕೊಳ್ಳುತ್ತಾರೆ. ಬೇಡಿ, ಸುಡುತ್ತದೆ ಅಂತ ಮೊದಲೇ ಹೇಳು. ಹೇಳಿದರೂ ಎತ್ತಿಕೊಂಡರೆ ಬೇಕಾದೀತು, ಪಕ್ಕದಲ್ಲೇ ಒಂದು ಬೋಗುಣಿ ತಣ್ಣೀರು ಇಟ್ಟಿರು. ಅವರ ಕೈಗಳೂ ಸುಡುವ ಮುಂಚಿನ ನನ್ನ ಕೈಗಳ ಹಾಗೇ ಇವೆ, ನಾನು ನೋಡಿದ್ದೇನೆ.